ಮಾಯನ್ ಅವಶೇಷ ನೋಡಲು ಹಡಗಿನವರ ಟೂರೋ, ನಮ್ಮದೇ ಏರ್ಪಾಡೋ? ಪದೇ ಪದೇ ಕೇಳುವ ಪ್ರಶ್ನೆಗಳು

ಗ್ಯಾಲ್ವೆಸ್ಟನ್, ನ್ಯೂ ಆರ್ಲಿಯನ್ಸ್, ಮಯಾಮಿ ಕಡೆಯಿಂದ ಹೊರಡುವ ಪಶ್ಚಿಮ ಕೆರಿಬಿಯನ್ ಕ್ರೂಸ್‌ಗಳಲ್ಲಿ ನಮ್ಮವರು ಈಗ ಧಾರಾಳವಾಗಿ ಸಿಗುತ್ತಾರೆ. ಊರಿಂದ ಅಪ್ಪ ಅಮ್ಮ ಬಂದಾಗಲೋ, ಮಕ್ಕಳ ರಜೆಗೋ ಒಂದು ವಾರ ಬುಕ್ ಮಾಡಿಬಿಡುತ್ತಾರೆ. ಆಮೇಲೆ ಶುರುವಾಗುವುದು ಬಂದರಿನಲ್ಲಿ ಇಳಿದು ಏನು ನೋಡುವುದು, ಯಾರ ಜೊತೆ ಹೋಗುವುದು ಎಂಬ ತಲೆನೋವು. ಮೆಕ್ಸಿಕೊ, ಬೆಲೀಜ್, ಗ್ವಾಟೆಮಾಲಾ ಕಡೆ ಹಿಂದಿನ ಕಾಲದ ಮಾಯಾ ಜನ ಕಟ್ಟಿದ ಊರು, ಗುಡಿಗಳ ಅವಶೇಷಗಳ ಮಟ್ಟಿಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಹಡಗಿನವರ ಟೂರ್‌ಗೂ ಹೊರಗಿನ ಟೂರ್‌ಗೂ ನಿಜವಾದ ವ್ಯತ್ಯಾಸ ಏನು?

ನೋಡುವ ಕಲ್ಲು ಒಂದೇ. ಎಷ್ಟೋ ಸಲ ಬಸ್ಸು, ಗೈಡ್ ಕೂಡ ಒಂದೇ. ಕ್ರೂಸ್ ಕಂಪನಿಗಳು ಈ ಟೂರ್‌ಗಳನ್ನು ತಾವೇ ನಡೆಸುವುದಿಲ್ಲ, ಸ್ಥಳೀಯ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿರುತ್ತವೆ. ಟಿಕೆಟ್ಟಿನ ಹಿಂದಿನ ಸಣ್ಣಕ್ಷರ ಓದಿದರೆ ಅದೂ ಇರುತ್ತದೆ: ಟೂರ್ ನಡೆಸುವವರು ಸ್ವತಂತ್ರ ಗುತ್ತಿಗೆದಾರರು, ಅಲ್ಲಿ ಏನಾದರೂ ಆದರೆ ನಮ್ಮ ಹೊಣೆಯಲ್ಲ ಅಂತ. ಹಾಗಾಗಿ 'ಹಡಗಿನವರದ್ದು ಅಂದರೆ ಹೆಚ್ಚು ಸುರಕ್ಷಿತ' ಎಂಬ ಲೆಕ್ಕ ಅರ್ಧ ಮಾತ್ರ ಸರಿ.

ನೀವು ಹೆಚ್ಚಿಗೆ ಕೊಡುವ ದುಡ್ಡು ಹೋಗುವುದು ಒಂದೇ ಒಂದು ವಿಷಯಕ್ಕೆ. ಬಸ್ಸು ಕೆಟ್ಟು ನಿಂತರೆ, ರಸ್ತೆ ಬಂದ್ ಆದರೆ, ಹಡಗು ನಿಮಗಾಗಿ ಕಾಯುತ್ತದೆ. ಕಾಯಲು ಆಗದೇ ಹೋದರೆ ಮುಂದಿನ ಬಂದರಿಗೆ ಅವರ ಖರ್ಚಿನಲ್ಲೇ ಕಳಿಸುತ್ತಾರೆ. ನೀವೇ ಮಾಡಿಕೊಂಡ ಏರ್ಪಾಡಿನಲ್ಲಿ ಈ ಮಾತು ಯಾರೂ ಕೊಡುವುದಿಲ್ಲ. ಬದಲಿಗೆ ಸಿಗುವುದು ನಿಮ್ಮ ಹೊತ್ತು ನಿಮ್ಮ ಕೈಯಲ್ಲಿರುವ ಸುಖ. ಹಡಗಿನ ಟೂರ್‌ನಲ್ಲಿ ಬೆಳಿಗ್ಗೆ ಥಿಯೇಟರ್‌ನಲ್ಲಿ ಕೂರಿಸಿ ಅಂಗಿಗೆ ನಂಬರ್ ಸ್ಟಿಕ್ಕರ್ ಅಂಟಿಸುತ್ತಾರೆ, ನಲವತ್ತೈವತ್ತು ಜನ ಸಾಲಾಗಿ ಗೈಡ್ ಎತ್ತಿ ಹಿಡಿದ ಕೋಲಿನ ಹಿಂದೆ ನಡೆಯಬೇಕು, ಒಬ್ಬರು ಬಾತ್‌ರೂಮಿಗೆ ಹೋದರೆ ಎಲ್ಲರೂ ಬಿಸಿಲಲ್ಲಿ ನಿಲ್ಲಬೇಕು.

ಹಾಗಾದರೆ ಯಾವುದನ್ನು ಆರಿಸಲಿ?

ಬೆಲೆ ನೋಡಿ ಆರಿಸಬೇಡಿ. ಹಡಗಿನಿಂದ ಅವಶೇಷದ ಬಾಗಿಲವರೆಗೆ ಎಷ್ಟು ಸಲ ಗಾಡಿ ಬದಲಿಸಬೇಕು ಎಂದು ಎಣಿಸಿ. ಒಂದೇ ವ್ಯಾನ್, ಒಂದು ಗಂಟೆಯೊಳಗಿನ ದಾರಿ ಆದರೆ ನೀವೇ ಹೋಗಿ. ಮಧ್ಯೆ ಫೆರ್ರಿ ಇದ್ದರೆ, ಅಥವಾ ದಾರಿ ಎರಡು ಗಂಟೆ ಮುಟ್ಟಿದರೆ, ಹಡಗಿನವರಿಗೇ ದುಡ್ಡು ಕೊಡಿ. ನನ್ನ ಲೆಕ್ಕ ಇಷ್ಟೇ. ಬಂದರಿನಿಂದ ಬಂದರಿಗೆ ಉತ್ತರ ಬದಲಾಗುವುದು ಇದರಿಂದಲೇ.

ಕೊಜುಮೆಲ್‌ನಲ್ಲಿ ಇಳಿದು ಟುಲುಮ್‌ಗೆ ನಾವೇ ಹೋಗಿಬರಬಹುದಾ?

ಆಗುತ್ತದೆ. ಮಾಡುವವರೂ ಇದ್ದಾರೆ. ಆದರೆ ಗಡಿಯಾರ ಹಿಡಿದು ಒಮ್ಮೆ ಯೋಚಿಸಿ. ಕೊಜುಮೆಲ್ ಮೆಕ್ಸಿಕೊದ ದ್ವೀಪ, ಟುಲುಮ್ ಅವಶೇಷ ಇರುವುದು ಆಚೆ ದಡದಲ್ಲಿ. ಹಡಗು ಎಂಟಕ್ಕೆ ಬಂದರು ಮುಟ್ಟಿತು ಅಂದುಕೊಳ್ಳಿ. ಇಳಿಯುವಾಗ ಎಂಟೂವರೆ. ಊರ ಮಧ್ಯದ ಪುಂಟಾ ಲಂಗೋಸ್ಟಾ ಹಡಗುಕಟ್ಟೆಯಲ್ಲಿ ಇಳಿದರೆ ಫೆರ್ರಿಗೆ ನಡೆದೇ ಹೋಗಬಹುದು. ಉಳಿದ ಎರಡು ಕಟ್ಟೆಗಳು ದಕ್ಷಿಣಕ್ಕಿವೆ, ಅಲ್ಲಿಂದ ಟ್ಯಾಕ್ಸಿ ಬೇಕು. ಫೆರ್ರಿ ಪ್ಲಾಯಾ ಡೆಲ್ ಕಾರ್ಮೆನ್ ತಲುಪಲು ಮುಕ್ಕಾಲು ಗಂಟೆ. ಅಲ್ಲಿಂದ ಟುಲುಮ್ ಸುಮಾರು 65 ಕಿ.ಮೀ., ಟ್ರಾಫಿಕ್ ಇಲ್ಲದಿದ್ದರೆ ಒಂದು ಗಂಟೆ. ಪಾರ್ಕಿಂಗ್‌ನಿಂದ ಬಾಗಿಲಿಗೂ ಸ್ವಲ್ಪ ದೂರ, ಟಿಕೆಟ್ ಸಾಲು ಬೇರೆ. ಒಳಗೆ ಕಾಲಿಡುವಾಗ ಹನ್ನೊಂದೂವರೆ, ನೆತ್ತಿಯ ಮೇಲೆ ಬಿಸಿಲು. ಹಡಗು ಐದಕ್ಕೆ ಹೊರಡುವುದಾದರೆ ನಾಲ್ಕೂವರೆಗೆ ನೀವು ಮೇಲಿರಬೇಕು, ಅಂದರೆ ಒಂದು ಗಂಟೆಯ ಹೊತ್ತಿಗೆ ಟುಲುಮ್‌ನಿಂದ ಕಾಲ್ತೆಗೆಯಬೇಕು.

ಇದರಲ್ಲಿ ನಂಬಲಾಗದ ಕೊಂಡಿ ಫೆರ್ರಿ. ಚಳಿಗಾಲದಲ್ಲಿ ಉತ್ತರದಿಂದ ಬೀಸುವ 'ನೋರ್ತೆ' ಗಾಳಿ ಎದ್ದರೆ ಬಂದರು ಅಧಿಕಾರಿಗಳು ದೋಣಿ ಸಂಚಾರವನ್ನೇ ನಿಲ್ಲಿಸುತ್ತಾರೆ. ಬೆಳಿಗ್ಗೆ ಆಚೆ ಹೋದವರು ಮಧ್ಯಾಹ್ನ ಈಚೆ ಬರಲಾಗದೆ ದಡದಲ್ಲಿ ಕೂತು ತಮ್ಮದೇ ಹಡಗನ್ನು ದೂರದಿಂದ ನೋಡಬೇಕಾದೀತು. ಟುಲುಮ್‌ಗೆ ಹಡಗಿನ ಟೂರ್‌ನಲ್ಲೇ ಹೋಗಿ. ಸಮುದ್ರ ಒರಟಾಗಿದ್ದರೆ ಆ ಫೆರ್ರಿಯಲ್ಲಿ ಹೊಟ್ಟೆ ತೊಳಸದವರು ಕಡಿಮೆ. ವಾಂತಿ ಮಾತ್ರೆಯನ್ನು ಹತ್ತುವ ಮೊದಲೇ ನುಂಗಿ, ಹತ್ತಿದ ಮೇಲೆ ನುಂಗಿ ಪ್ರಯೋಜನವಿಲ್ಲ.

ಇಷ್ಟು ಪಾಡುಪಟ್ಟು ಹೋಗಬೇಕಾ ಅಂದರೆ, ಜಾಗ ಮಾತ್ರ ಬೇರೆಲ್ಲೂ ಸಿಗದಂಥದ್ದು. ಮಾಯಾ ಜನ ಸಮುದ್ರದಂಚಿಗೇ ಗೋಡೆ ಕಟ್ಟಿಕೊಂಡು ಬಾಳಿದ ವ್ಯಾಪಾರದ ಊರು ಇದು, 13ರಿಂದ 15ನೇ ಶತಮಾನದಲ್ಲಿ ಉಚ್ಛ್ರಾಯದಲ್ಲಿತ್ತು. ಸುಮಾರು 12 ಮೀಟರ್ ಎತ್ತರದ ಬಂಡೆಯ ಮೇಲೆ ಕಾಸ್ಟಿಯೊ ಗುಡಿ, ಕೆಳಗೆ ಹಸಿರುನೀಲಿ ನೀರು. ಕೆಲವು ಬಾಗಿಲುಗಳ ಮೇಲೆ ತಲೆ ಕೆಳಗೆ, ಕಾಲು ಮೇಲೆ ಮಾಡಿ ಇಳಿಯುತ್ತಿರುವ ದೇವರ ಉಬ್ಬುಶಿಲ್ಪವಿದೆ. ಗೈಡ್ ಇಲ್ಲದೆ ಹೋದವರು ಕಡಲಿನ ಫೋಟೋ ತೆಗೆಯುವ ಗಡಿಬಿಡಿಯಲ್ಲಿ ಇದನ್ನು ನೋಡದೇ ಬರುತ್ತಾರೆ.

ಕೊಜುಮೆಲ್ ದ್ವೀಪದಲ್ಲೇ ಏನೂ ಇಲ್ಲವಾ?

ಇದೆ, ಸಾನ್ ಹೆರ್ವಾಸಿಯೊ. ದ್ವೀಪದ ನಡುವೆ, ಕಾಡಿನೊಳಗೆ. ಕಟ್ಟಡಗಳು ಚಿಕ್ಕವು, ಚಿತ್ರದಲ್ಲಿ ಕಂಡ ದೊಡ್ಡ ಪಿರಮಿಡ್ ಹುಡುಕಿಕೊಂಡು ಹೋದರೆ ನಿರಾಶೆ ಖಂಡಿತ. ಆದರೆ ಇದು ಇಶ್‌ಚೆಲ್ ದೇವಿಯ ಯಾತ್ರಾಸ್ಥಳ. ಹೆರಿಗೆಗೂ ಸಂತಾನಕ್ಕೂ ಒಡತಿಯಾದ ಈಕೆಯ ದರ್ಶನಕ್ಕೆ ಮಾಯಾ ಹೆಂಗಸರು ದೋಣಿಯಲ್ಲಿ ಸಮುದ್ರ ದಾಟಿ ಬರುತ್ತಿದ್ದರು. ಒಂದು ಮನೆಯ ಗೋಡೆಯಲ್ಲಿ ಕೆಂಪು ಬಣ್ಣದ ಪುಟ್ಟ ಅಂಗೈ ಗುರುತುಗಳಿವೆ. ಇಲ್ಲಿಗೆ ಹಡಗಿನ ಟೂರ್ ತೆಗೆದುಕೊಳ್ಳುವುದು ದಂಡ. ಕಟ್ಟೆಯ ಹೊರಗೆ ಟ್ಯಾಕ್ಸಿ ದರದ ಬೋರ್ಡ್ ಇರುತ್ತದೆ, ಹೋಗಿ ಕಾದು ವಾಪಸ್ ಬರಲು ಎಷ್ಟು ಎಂದು ಹತ್ತುವ ಮೊದಲೇ ಮಾತಾಡಿಕೊಳ್ಳಿ. ಸೊಳ್ಳೆ ಔಷಧಿ ಮರೆಯಬೇಡಿ.

ಮೆಕ್ಸಿಕೊದ ಪ್ರೊಗ್ರೆಸೊ ಬಂದರಿನಿಂದ ಚಿಚೆನ್ ಇಟ್ಜಾ ನೋಡಲೇಬೇಕು ಅಂತಾರಲ್ಲ?

ಎಲ್ಲರೂ ಅನ್ನುತ್ತಾರೆ. 1988ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, 2007ರ ಹೊಸ ಏಳು ಅದ್ಭುತಗಳಲ್ಲಿ ತಾಜ್‌ಮಹಲಿನ ಜೊತೆ ಇದರ ಹೆಸರೂ ಬಂತು. ಆದರೆ ಬಂದರಿನಿಂದ ಎರಡು ಗಂಟೆಗೂ ಮೇಲೆ ದಾರಿ. ಅದಕ್ಕೂ ಮೊದಲು ಹಡಗು ನಿಲ್ಲುವ ಕಟ್ಟೆಯೇ ಸುಮಾರು ಆರೂವರೆ ಕಿ.ಮೀ. ಉದ್ದ. ಅಲ್ಲಿ ಸಮುದ್ರ ಎಷ್ಟು ಆಳವಿಲ್ಲವೆಂದರೆ ದೊಡ್ಡ ಹಡಗಿಗೆ ನೀರು ಸಿಗಬೇಕಾದರೆ ಅಷ್ಟು ದೂರ ಹೋಗಬೇಕು. ನೀವು ಮೊದಲು ಶಟಲ್ ಬಸ್ಸಲ್ಲಿ ದಡಕ್ಕೆ ಬರಬೇಕು, ಆಮೇಲೆ ಟೂರ್. ಒಟ್ಟು ನಾಲ್ಕೂವರೆ ಗಂಟೆ ಬಸ್ಸಿನಲ್ಲಿ, ಎರಡು ಗಂಟೆ ಅವಶೇಷದಲ್ಲಿ. ಹೋಗುವುದೇ ಆದರೆ ಹಡಗಿನ ಟೂರ್‌ನಲ್ಲೇ, ಅದರಲ್ಲಿ ಎರಡನೇ ಮಾತಿಲ್ಲ.

ಹೋದವರು ಒಂದು ಕೆಲಸ ಮರೆಯಬಾರದು. ಕುಕುಲ್ಕಾನ್ ಪಿರಮಿಡ್ಡಿನ ಮೆಟ್ಟಿಲ ಎದುರು ನೆಟ್ಟಗೆ ನಿಂತು ಒಂದೇ ಒಂದು ಚಪ್ಪಾಳೆ ಹೊಡೆಯಿರಿ. ಪ್ರತಿಧ್ವನಿ ಚಪ್ಪಾಳೆಯಾಗಿ ಬರುವುದಿಲ್ಲ, ಮೇಲಿಂದ ಕೆಳಕ್ಕೆ ಜಾರುವ 'ಚಿಯೂ' ಎಂಬ ಹಕ್ಕಿಯ ಕೂಗಾಗಿ ಬರುತ್ತದೆ. ಕೆಳಗಿನ ಮೆಟ್ಟಿಲಿಂದ ಹೊರಳಿದ ಸದ್ದು ಮೊದಲು, ಮೇಲಿನದ್ದು ತಡವಾಗಿ ಕಿವಿಗೆ ಮುಟ್ಟುವುದರಿಂದ ಹೀಗಾಗುತ್ತದೆ. ಮಾಯಾ ಜನ ಪವಿತ್ರವೆಂದು ನಂಬಿದ್ದ ಕೆಟ್ಸಾಲ್ ಹಕ್ಕಿಯ ದನಿಯೇ ಇದು ಎಂದು ಗೈಡುಗಳು ಹೇಳುತ್ತಾರೆ. ಬೇಕಂತಲೇ ಹಾಗೆ ಕಟ್ಟಿದರೋ, ತಾನಾಗಿ ಒದಗಿತೋ ಎಂಬ ವಾದ ಇನ್ನೂ ಮುಗಿದಿಲ್ಲ. ನಾಲ್ಕು ಕಡೆ 91 ಮೆಟ್ಟಿಲು, ಮೇಲಿನ ವೇದಿಕೆಯೂ ಸೇರಿ 365 ಎಂಬ ಲೆಕ್ಕವನ್ನು ನೋಡಿದರೆ ಈ ಜನ ಯಾವುದನ್ನೂ ಸುಮ್ಮನೆ ಕಟ್ಟಿದವರಲ್ಲ ಅನಿಸುತ್ತದೆ.

ಆದರೆ ನನ್ನನ್ನು ಕೇಳಿದರೆ ಪ್ರೊಗ್ರೆಸೊದಿಂದ ಹೋಗಬೇಕಾದದ್ದು ಉಶ್ಮಲ್ ಎಂಬ ಇನ್ನೊಂದು ಮಾಯಾ ಊರಿಗೆ. ದಾರಿ ಚಿಚೆನ್‌ಗಿಂತ ಕಡಿಮೆ, ಜನವೂ ಕಡಿಮೆ. ಚಿಚೆನ್ ಇಟ್ಜಾದೊಳಗೆ ಹೆಜ್ಜೆಗೊಬ್ಬರು ಮುಖವಾಡ ಮಾರುವವರು, ಜಾಗ್ವಾರ್ ಗುಟುರಿನ ಪೀಪಿ ಊದುವವರು ಅಡ್ಡಬರುತ್ತಾರೆ. ಉಶ್ಮಲ್‌ನಲ್ಲಿ ಆ ಗಲಾಟೆ ಇಲ್ಲ. ಮೂಲೆಗಳು ದುಂಡಾದ 'ಮಾಂತ್ರಿಕನ ಪಿರಮಿಡ್' ಬಾಗಿಲಲ್ಲೇ ಎದುರಾಗುತ್ತದೆ. ಗೋಡೆಗಳ ಮೇಲೆ ಸಾಲುಸಾಲಾಗಿ ಮಳೆದೇವರು ಚಾಕ್‌ನ ಮುಖಗಳು, ಒಂದೊಂದಕ್ಕೂ ಸೊಂಡಿಲಿನ ಹಾಗೆ ಬಾಗಿದ ಮೂಗು. ಆ ಸೀಮೆಯಲ್ಲಿ ನದಿಯಿಲ್ಲ, ಮಳೆನೀರು ಹಿಡಿದಿಟ್ಟುಕೊಂಡೇ ಬದುಕಿದ ಊರು, ಹಾಗಾಗಿ ಮಳೆದೇವರಿಗೆ ಅಷ್ಟು ಗೌರವ. ಹಡಗು ಸಂಜೆ ತಡವಾಗಿ ಹೊರಡುವುದಾದರೆ ಉಶ್ಮಲ್‌ಗೆ ಖಾಸಗಿ ವ್ಯಾನ್ ಮಾಡಿಕೊಂಡು ಹೋಗಬಹುದು. ನಾಲ್ಕಕ್ಕೇ ಹೊರಡುವ ಹಡಗಾದರೆ ಬೇಡ.

ಮೆಕ್ಸಿಕೊದ ಇನ್ನೊಂದು ಬಂದರು ಕೋಸ್ಟಾ ಮಾಯಾದಲ್ಲಿ?

ಚಕ್ಚೋಬೆನ್. ಈ ಅವಶೇಷಕ್ಕೆ ಒಂದು ಗಂಟೆಯ ನೇರ ರಸ್ತೆ, ಮಧ್ಯೆ ನೀರಿಲ್ಲ, ಗಾಡಿ ಬದಲಿಸುವುದಿಲ್ಲ. ಹೊರಗಿನ ಟೂರ್ ತೆಗೆದುಕೊಳ್ಳಲು ಇದಕ್ಕಿಂತ ಸಲೀಸಾದ ಬಂದರು ಇಲ್ಲ. ಮರಗಳ ನೆರಳಲ್ಲಿ ನಡೆಯುವ ಜಾಗ, ಅದೃಷ್ಟವಿದ್ದರೆ ಹೌಲರ್ ಕೋತಿಗಳ ಗರ್ಜನೆ ಕೇಳಬಹುದು. ಬೇಗ ಇಳಿದು ಮೊದಲ ವ್ಯಾನ್ ಹಿಡಿದರೆ ಹಡಗಿನ ಬಸ್ಸುಗಳು ಬರುವ ಮೊದಲೇ ಒಳಗಿರುತ್ತೀರಿ.

ಬೆಲೀಜ್‌ನಲ್ಲಿ ಇಂಗ್ಲಿಷ್ ನಡೆಯುತ್ತದಲ್ಲ, ಅಲ್ಲಿ ನಾವೇ ಹೋಗಬಹುದು ತಾನೇ?

ಭಾಷೆಯ ತೊಂದರೆ ಇಲ್ಲ, ಅಲ್ಲಿ ಇಂಗ್ಲಿಷೇ ಆಡಳಿತ ಭಾಷೆ. ಅಮೆರಿಕದ ಡಾಲರ್ ಎಲ್ಲ ಕಡೆ ತೆಗೆದುಕೊಳ್ಳುತ್ತಾರೆ, ಎರಡು ಬೆಲೀಜ್ ಡಾಲರ್‌ಗೆ ಒಂದು ಅಮೆರಿಕನ್ ಡಾಲರ್ ಎಂಬ ದರ ಸ್ಥಿರ. ಬೆಲೆ ಹೇಳಿದಾಗ ಯಾವ ಡಾಲರ್ ಎಂದು ಕೇಳಿಕೊಳ್ಳಿ.

ತೊಡಕು ಬೇರೆ ಕಡೆ ಇದೆ. ಬೆಲೀಜ್ ಸಿಟಿಯಲ್ಲಿ ಹಡಗು ದಡಕ್ಕೆ ಬರುವುದಿಲ್ಲ. ಮೈಲುಗಟ್ಟಲೆ ದೂರದಲ್ಲಿ ಲಂಗರು ಹಾಕುತ್ತದೆ, ಸಣ್ಣ ಟೆಂಡರ್ ದೋಣಿಗಳಲ್ಲಿ ಜನರನ್ನು ಸಾಗಿಸುತ್ತಾರೆ. ಹಡಗಿನ ಟೂರ್ ತೆಗೆದುಕೊಂಡವರಿಗೆ ಮೊದಲ ದೋಣಿಗಳು, ಉಳಿದವರಿಗೆ ಆಮೇಲೆ. ವಾಪಸ್ ಬರುವಾಗ ನಿಮಗೆ ಮುಖ್ಯವಾಗುವುದು ಹಡಗು ಹೊರಡುವ ಹೊತ್ತಲ್ಲ, ಕೊನೆಯ ದೋಣಿಯ ಹೊತ್ತು. ಅದು ತುಂಬಾ ಮೊದಲೇ ಇರುತ್ತದೆ.

ಅವಶೇಷಗಳಲ್ಲಿ ಆಲ್ಟುನ್ ಹಾ ಹತ್ತಿರದ್ದು, ಸುಮಾರು ಒಂದು ಗಂಟೆ. ಇದಕ್ಕೆ ಹೊರಗಿನ ಟೂರ್ ಸಾಕು. 1968ರಲ್ಲಿ ಡೇವಿಡ್ ಪೆಂಡರ್‌ಗ್ಯಾಸ್ಟ್ ಎಂಬ ಪುರಾತತ್ವಜ್ಞರು ಇಲ್ಲಿನ ಗೋರಿಯೊಂದರಲ್ಲಿ ಸೂರ್ಯದೇವರ ಜೇಡ್ ಎಂಬ ಹಸಿರು ಕಲ್ಲಿನ ಶಿರಸ್ಸನ್ನು ಪತ್ತೆಮಾಡಿದರು, ತೂಕ ನಾಲ್ಕೂ ಕಾಲು ಕಿಲೋಗೂ ಜಾಸ್ತಿ. ಇಲ್ಲಿನ ಗುಡಿಯ ಚಿತ್ರ ನಿಮಗೆ ಆ ದೇಶದ ಬೆಲಿಕಿನ್ ಬಿಯರ್ ಬಾಟಲಿಯ ಮೇಲೂ ಸಿಗುತ್ತದೆ. ಇನ್ನೊಂದು ಅವಶೇಷ ಲಮನೈಗೆ ಬಸ್ಸಿಳಿದು ನ್ಯೂ ರಿವರ್ ನದಿಯಲ್ಲಿ ದೋಣಿಯಲ್ಲಿ ಹೋಗಬೇಕು. ದಾರಿಯೇ ಅರ್ಧ ಸೊಗಸು, ಮೊಸಳೆ, ನೀರುಹಕ್ಕಿ ಎಲ್ಲ ಕಾಣುತ್ತವೆ, ಆದರೆ ಕೊಂಡಿಗಳು ಹೆಚ್ಚಾದವು: ಹಡಗಿನ ಟೂರ್. ಗ್ವಾಟೆಮಾಲಾ ಗಡಿಯ ಹತ್ತಿರದ ಶುನಾಂಟುನಿಚ್‌ಗೂ ಅದೇ ಮಾತು. ಅಲ್ಲಿ ಮೋಪಾನ್ ನದಿ ದಾಟುವುದು ಕೈಯಿಂದ ಚಕ್ರ ತಿರುಗಿಸಿ ಎಳೆಯುವ ತೆಪ್ಪದಲ್ಲಿ. ಬಸ್ಸಿನವರೆಲ್ಲ ಇಳಿದು ನಿಂತಿರುತ್ತಾರೆ, ಒಬ್ಬಾತ ಹಿಡಿ ತಿರುಗಿಸುತ್ತಿರುತ್ತಾನೆ, ಎರಡು ಕಾರುಗಳು ತೆಪ್ಪದ ಮೇಲೆ ಅಲುಗದೆ ಆಚೆ ಸೇರುತ್ತವೆ.

ಗ್ವಾಟೆಮಾಲಾದಲ್ಲಿ ನಿಲ್ಲುವ ಹಡಗಾದರೆ?

ಸಾಂಟೊ ಟೊಮಾಸ್ ಬಂದರಿನಿಂದ ಕಿರಿಗ್ವಾ ನೋಡಿ. ದೊಡ್ಡ ಹೆಸರಿನ ಟಿಕಾಲ್ ಅವಶೇಷಕ್ಕೆ ವಿಮಾನದಲ್ಲಿ ಹಾರಬೇಕು. ದುಬಾರಿ, ಮೋಡ ಕವಿದರೆ ರದ್ದು. ಕಿರಿಗ್ವಾದಲ್ಲಿ ದೊಡ್ಡ ಗುಡಿಗಳಿಲ್ಲ, ಹುಲ್ಲುಹಾಸಿನಲ್ಲಿ ನಿಂತ ಕೆತ್ತನೆಯ ಕಂಬಗಳಿವೆ. ಅವುಗಳಲ್ಲೊಂದು ಹತ್ತು ಮೀಟರಿಗೂ ಎತ್ತರ, ಒಂದೇ ಕಲ್ಲು. ಊರೂರಿನ ವೀರಗಲ್ಲು, ಶಾಸನ ನೋಡಿ ಬೆಳೆದ ನಮಗೆ ಇವುಗಳ ಮುಂದೆ ನಿಲ್ಲುವುದು ಹೊಸತೆನಿಸುವುದಿಲ್ಲ. ಕ್ರಿ.ಶ. 738ರಲ್ಲಿ ಈ ಚಿಕ್ಕ ಊರಿನ ಅರಸ ತನ್ನ ಒಡೆಯನಾಗಿದ್ದ ಕೊಪಾನ್ ಎಂಬ ದೊಡ್ಡ ಮಾಯಾ ಊರಿನ ದೊರೆಯನ್ನೇ ಸೆರೆಹಿಡಿದು ತಲೆ ತೆಗೆಸಿದ. ಆಮೇಲೆ ನಿಲ್ಲಿಸಿದ ಕಂಬಗಳಿವು.

ಹಡಗಿನ ಸಮಯ, ಊರಿನ ಸಮಯ ಅಂತ ಎರಡು ಇರುತ್ತವಾ?

ಇರುತ್ತವೆ. ಹಡಗು ತಪ್ಪಿಸಿಕೊಂಡವರ ಕಥೆಗಳಲ್ಲಿ ಇದು ಆಗಾಗ ಬರುತ್ತದೆ. ಕೊಜುಮೆಲ್, ಕೋಸ್ಟಾ ಮಾಯಾ ಇರುವ ಕಿಂತಾನಾ ರೂ ರಾಜ್ಯ 2015ರಿಂದ ವರ್ಷವಿಡೀ ಒಂದೇ ಸಮಯ ಪಾಲಿಸುತ್ತದೆ. ಫ್ಲಾರಿಡಾದಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ತಿರುಗಿಸುತ್ತಾರೆ, ಅಲ್ಲಿಲ್ಲ. ಹಾಗಾಗಿ ಜುಲೈನಲ್ಲಿ ಮಯಾಮಿಯಿಂದ ಹೋದರೆ ಕೊಜುಮೆಲ್ ಒಂದು ಗಂಟೆ ಹಿಂದೆ. ನಿಮ್ಮ ಫೋನ್ ಮೂರೂವರೆ ಅನ್ನುವಾಗ ಹಡಗಿನಲ್ಲಿ ನಾಲ್ಕೂವರೆ ಆಗಿರಬಹುದು. ಗ್ಯಾಲ್ವೆಸ್ಟನ್‌ನಿಂದ ಹೊರಟವರಿಗೆ ಬೇಸಿಗೆಯಲ್ಲಿ ಕೊಜುಮೆಲ್‌ನದ್ದೂ ನಿಮ್ಮದೂ ಒಂದೇ, ಆದರೆ ಪ್ರೊಗ್ರೆಸೊ ಮತ್ತು ಬೆಲೀಜ್ ಒಂದು ಗಂಟೆ ಹಿಂದೆ. ಕೆಲವು ಹಡಗುಗಳು ಬಂದರಿಗೆ ತಕ್ಕಂತೆ ಗಡಿಯಾರ ಬದಲಿಸುತ್ತವೆ, ಕೆಲವು ಇಲ್ಲ. ಫೋನ್ ತಾನಾಗೇ ಬದಲಾಗುತ್ತದೆ, ಅದನ್ನು ನಂಬಬೇಡಿ. ಹಳೇ ಕೈಗಡಿಯಾರಕ್ಕೆ ಹಡಗಿನ ಸಮಯ ಇಟ್ಟು ಕಟ್ಟಿಕೊಳ್ಳಿ, ಹೊರಗಿನ ಗೈಡ್‌ಗೂ ಅದನ್ನೇ ತೋರಿಸಿ.

ಗಾಳಿಗೆ ಹಡಗು ಬಂದರಿಗೇ ಹೋಗದಿದ್ದರೆ ಕೊಟ್ಟ ದುಡ್ಡು?

ಹಡಗಿನ ಟೂರ್ ಆದರೆ ಪೂರ್ತಿ ವಾಪಸ್, ಕೇಳುವುದೇ ಬೇಡ. ಹೊರಗಿನವರಲ್ಲಿ ಕ್ರೂಸ್ ಪ್ರಯಾಣಿಕರನ್ನೇ ನಂಬಿ ನಡೆಸುವವರು ಸಾಮಾನ್ಯವಾಗಿ ವಾಪಸ್ ಕೊಡುತ್ತಾರೆ, ಉಳಿದವರ ಮಾತು ಹೇಳಲಾಗದು. ಬುಕ್ ಮಾಡುವ ಮೊದಲು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಬೆಲೀಜ್‌ನಂಥ ದೋಣಿಯ ಬಂದರುಗಳಿಗೂ, ಚಳಿಗಾಲದ ಪ್ರಯಾಣಗಳಿಗೂ, ಜೂನ್‌ನಿಂದ ನವೆಂಬರ್‌ವರೆಗಿನ ಚಂಡಮಾರುತದ ಕಾಲಕ್ಕೂ ಇದು ತಮಾಷೆಯ ಮಾತಲ್ಲ.

ಹಾಗೇ ಹೊರಗಿನವರನ್ನು ಇನ್ನೂ ಕೆಲವು ಕೇಳಬೇಕು. ನಮ್ಮ ಹಡಗಿನ ಹೆಸರು, ಹೊರಡುವ ಹೊತ್ತು ನಿಮಗೆ ಗೊತ್ತಾ? ಗುಂಪಿನಲ್ಲಿ ಬೇರೆ ಹಡಗಿನವರೂ ಇರುತ್ತಾರಾ? ಪ್ರವೇಶದ ಟಿಕೆಟ್ ಸೇರಿದೆಯಾ? ದಾರಿಯಲ್ಲಿ ಅಂಗಡಿಗೆ ನಿಲ್ಲಿಸುತ್ತೀರಾ, ಎಷ್ಟು ಹೊತ್ತು? 'ಹಡಗು ತಪ್ಪಿದರೆ ನಮ್ಮ ಹೊಣೆ' ಎಂದು ಬರೆದಿದ್ದರೆ ಆ ಹೊಣೆ ಏನೇನು ಎಂದು ಬಿಡಿಸಿ ಹೇಳಿಸಿ: ವಿಮಾನ ಟಿಕೆಟ್ಟೋ, ಹೋಟೆಲೋ, ಬರೀ ಟೂರ್ ದುಡ್ಡೋ.

ಪಾಸ್‌ಪೋರ್ಟ್ ಹಡಗಲ್ಲಿ ಬಿಡಲಾ, ಜೊತೆಗೆ ಒಯ್ಯಲಾ?

ಹಡಗಿನ ಟೂರ್ ಆದರೆ ಕೋಣೆಯ ತಿಜೋರಿಯಲ್ಲಿಟ್ಟು ಫೋನಿನಲ್ಲಿ ಚಿತ್ರ ಇಟ್ಟುಕೊಳ್ಳಿ. ನೀವೇ ದೂರ ಹೋಗುತ್ತಿದ್ದರೆ ಜೊತೆಗೇ ಇರಲಿ. ಭಾರತದ ಪಾಸ್‌ಪೋರ್ಟ್ ಇರುವವರ ಬಳಿ ಅಮೆರಿಕದ ಊರ್ಜಿತ ವೀಸಾ ಇದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಡ. ಆದರೆ ಹಡಗು ತಪ್ಪಿದರೆ ವಿಮಾನದಲ್ಲಿ ಅಮೆರಿಕಕ್ಕೆ ಮರಳಲು ಪಾಸ್‌ಪೋರ್ಟ್, ವೀಸಾ, ಗ್ರೀನ್ ಕಾರ್ಡ್ ಇದ್ದವರಿಗೆ ಅದು, ಎಲ್ಲ ಕೈಯಲ್ಲಿರಬೇಕು. ವೀಸಾ ಸ್ಟಾಂಪಿಂಗ್ ಅವಧಿ ಮುಗಿದಿರುವವರು ಟೂರ್ ಅಲ್ಲ, ಕ್ರೂಸ್ ಬುಕ್ ಮಾಡುವ ಮೊದಲೇ ವಕೀಲರನ್ನು ಕೇಳಿ.

ಪಿರಮಿಡ್ ಹತ್ತಬಹುದಾ?

ಚಿಚೆನ್ ಇಟ್ಜಾ, ಟುಲುಮ್, ಉಶ್ಮಲ್‌ನ ಮಾಂತ್ರಿಕನ ಪಿರಮಿಡ್: ಇಲ್ಲ. ಮಕ್ಕಳಿಗೆ ಹತ್ತುವ ಆಸೆಯಿದ್ದರೆ ಬೆಲೀಜ್ ವಾಸಿ. ಆಲ್ಟುನ್ ಹಾ, ಶುನಾಂಟುನಿಚ್, ಲಮನೈ ಮೂರರಲ್ಲೂ ಹತ್ತಲು ಬಿಡುತ್ತಾರೆ. ಇಳಿಯುವಾಗ ಕಾಲು ನಡುಗುತ್ತದೆ, ಚಪ್ಪಲಿ ಬೇಡ, ಶೂ ಹಾಕಿ.

ಅಪ್ಪ ಅಮ್ಮನಿಗೆ ಮಂಡಿನೋವು, ಎಲ್ಲಿಗೆ ಕರೆದೊಯ್ಯಲಿ?

ಚಕ್ಚೋಬೆನ್ ಅಥವಾ ಆಲ್ಟುನ್ ಹಾ. ಅದೂ ನಿಮ್ಮದೇ ವ್ಯಾನಿನಲ್ಲಿ. ವಯಸ್ಸಾದವರಿದ್ದಾಗ ಹಡಗಿನ ಟೂರ್ ವಾಸಿ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ನನಗೆ ಹಾಗನಿಸುವುದಿಲ್ಲ. ಗುಂಪಿನ ವೇಗಕ್ಕೆ ನಡೆಯಲಾಗದೆ ಅವರು ಹಿಂದೆ ಬೀಳುತ್ತಾರೆ, ಗೈಡ್ ಹೇಳಿದ್ದು ಕೇಳುವುದಿಲ್ಲ, ಎಲ್ಲರನ್ನೂ ಕಾಯಿಸಿದೆವಲ್ಲ ಎಂಬ ಸಂಕೋಚ ಬೇರೆ. ಖಾಸಗಿ ಗೈಡ್ ಆದರೆ ಮರದ ನೆರಳಲ್ಲಿ ಕೂರಿಸಿ ಕಥೆ ಹೇಳುತ್ತಾನೆ. ಟುಲುಮ್, ಚಿಚೆನ್ ಇಟ್ಜಾ ಎರಡರಲ್ಲೂ ನೆರಳು ಕಮ್ಮಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಅಲ್ಲಿ ಅವರನ್ನು ನಡೆಸಬೇಡಿ.

ಸಸ್ಯಾಹಾರಿಗಳಿಗೆ ಊಟ?

ಬುಕ್ ಮಾಡುವಾಗಲೇ ಹೇಳದಿದ್ದರೆ ಟೂರ್‌ನ ಊಟದ ಪೊಟ್ಟಣದಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಬರುವ ಸಂಭವವೇ ಹೆಚ್ಚು. ಹಡಗಿನ ಬಫೆಯಿಂದ ಹಣ್ಣು, ಮನೆಯಿಂದ ತಂದ ಪುಳಿಯೋಗರೆ ದಡಕ್ಕೆ ಒಯ್ಯುವಂತಿಲ್ಲ, ಕಸ್ಟಮ್ಸ್‌ನವರು ಕಸದ ಬುಟ್ಟಿಗೆ ಹಾಕಿಸುತ್ತಾರೆ. ಸೀಲ್ ಒಡೆಯದ ಬಿಸ್ಕತ್ತು, ಕೋಡುಬಳೆ ಪ್ಯಾಕೆಟ್ ಇಟ್ಟುಕೊಳ್ಳಿ. ಹೋಟೆಲಿನಲ್ಲಿ ಅಲಸಂದೆಯಂಥ ಕಾಳಿನ ಪಲ್ಯ ನೋಡಿ ಮೋಸಹೋಗಬೇಡಿ, ಅದನ್ನು ಹಂದಿಕೊಬ್ಬಿನಲ್ಲಿ ಬೇಯಿಸಿರಬಹುದು. 'ಸಿನ್ ಮಾಂತೇಕಾ' ಅಂದರೆ ಕೊಬ್ಬು ಬೇಡ ಎಂದರ್ಥ. ಯುಕಟಾನ್ ಕಡೆ 'ಸಿಕಿಲ್ ಪಾಕ್' ಸಿಕ್ಕರೆ ಬಿಡಬೇಡಿ. ಹುರಿದ ಕುಂಬಳಬೀಜ, ಸುಟ್ಟ ಟೊಮೇಟೊ ಅರೆದು ಮಾಡುವ ಮಾಯಾ ಅಡುಗೆ ಅದು. ಬಿಸಿ ಟೋರ್ಟಿಯಾಗೆ ಹಚ್ಚಿಕೊಂಡು ತಿಂದರೆ ಊಟದ ಚಿಂತೆ ಮುಗಿಯಿತು.

ಟಿಕೆಟ್, ಗೈಡ್ ಅಲ್ಲೇ ಸಿಗುತ್ತಾರಾ?

ಸಿಗುತ್ತಾರೆ. ಚಿಚೆನ್ ಇಟ್ಜಾದಲ್ಲಿ ಕೇಂದ್ರಕ್ಕೊಂದು, ರಾಜ್ಯಕ್ಕೊಂದು ಎಂದು ಎರಡು ಶುಲ್ಕ. ಟುಲುಮ್‌ನಲ್ಲೂ ಅವಶೇಷಕ್ಕೆ ಬೇರೆ, ಸುತ್ತಲಿನ ಉದ್ಯಾನಕ್ಕೆ ಬೇರೆ. ಪೆಸೊ ನಗದು ಇರಲಿ. ಗೈಡ್ ಕತ್ತಿನಲ್ಲಿ ಸರ್ಕಾರದ ಗುರುತಿನ ಚೀಟಿ ಇದೆಯೇ ನೋಡಿ. ಭಾನುವಾರ ಮೆಕ್ಸಿಕನ್ನರಿಗೆ ಪ್ರವೇಶ ಉಚಿತ, ಆ ದಿನ ನಿಮ್ಮ ಹಡಗು ಬಂದರೆ ಜನಜಾತ್ರೆಗೆ ಸಿದ್ಧರಾಗಿ.

ಹಡಗು ಹತ್ತಿದ ಮೇಲೆ ಬುಕ್ ಮಾಡಿದರೆ ಆಗುತ್ತಾ?

ಟುಲುಮ್, ಚಿಚೆನ್ ಇಟ್ಜಾ ಟೂರ್‌ಗಳು ಬೇಗ ಭರ್ತಿಯಾಗುತ್ತವೆ, ಮನೆಯಲ್ಲೇ ಬುಕ್ ಮಾಡಿ. ಬೇಡವೆನಿಸಿದರೆ ಕೊನೆಯ ದಿನಾಂಕದ ಒಳಗೆ ರದ್ದು ಮಾಡಿದರಾಯಿತು, ಆ ದಿನಾಂಕ ಯಾವುದೆಂದು ನಿಮ್ಮ ಕ್ರೂಸ್ ಕಂಪನಿಯ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಚಕ್ಚೋಬೆನ್, ಸಾನ್ ಹೆರ್ವಾಸಿಯೊಗಳಿಗೆ ಕಟ್ಟೆಯ ಹೊರಗೆ ಬಂದು ಮಾತಾಡಿದರೂ ನಡೆಯುತ್ತದೆ.